ಓದೂ ನಡೆಯಲಿ, ಕಾಲೇಜು ಸೇವೆಯೂ ನಡೆಯಲಿ

ಕಾರವಾರದಲ್ಲೇ ಇದ್ದು ದೂರಶಿಕ್ಷಣದಲ್ಲಿ ದೇವತಾಶಾಸ್ತ್ರ ಓದ್ತಾ ಇದ್ದೀರಿ, ಸಂಜೆ ಕಾಲೇಜು ಹುಡುಗರ ಜೊತೆ ಬೈಬಲ್ ಸ್ಟಡಿನೂ ಇದೆ ಅಂತಾದರೆ, ಮೊದಲು ವಿದ್ಯಾರ್ಥಿಗಳ ಪರೀಕ್ಷೆ ಯಾವಾಗ ಅಂತ ತಿಳ್ಕೊಳ್ಳಿ. ಮಾಜಾಳಿಯ ಎಂಜಿನಿಯರಿಂಗ್ ಕಾಲೇಜು ವಿಟಿಯುಗೆ ಸೇರಿದ್ದು, ಮೆಡಿಕಲ್ ಕಾಲೇಜು ರಾಜೀವ್ ಗಾಂಧಿ ವಿವಿಗೆ, ಡಿಗ್ರಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿವಿಗೆ. ಮೂರರ ವೇಳಾಪಟ್ಟಿಯೂ ಬೇರೆ ಬೇರೆ. ಎಲ್ಲವನ್ನೂ ಒಬ್ಬರೇ ಹಿಡಿಯಲು ಹೋಗಬೇಡಿ, ಒಂದು ಕಾಲೇಜು ಸಾಕು. ಅಲ್ಲಿ ಪರೀಕ್ಷೆ ನಡೆಯುವಾಗ ಹೇಗೂ ಯಾರೂ ಕೂಟಕ್ಕೆ ಬರಲ್ಲ, ನಿಮ್ಮ ದೊಡ್ಡ ಅಸೈನ್‌ಮೆಂಟ್‌ಗಳನ್ನು ಆಗ ಮುಗಿಸಿ. ಸೆಮಿಸ್ಟರ್ ಶುರುವಿನಲ್ಲಿ ಮಾತ್ರ ಓದು ಹಗುರ ಇರಲಿ, ಹಾಸ್ಟೆಲಿಗೆ ಹೊಸದಾಗಿ ಬಂದವರಿಗೆ ಆಗಲೇ ಯಾರಾದರೂ ಬೇಕು ಅನಿಸುವುದು.

ಹೊಸ ಒಡಂಬಡಿಕೆಯ ಮೂಲ ಭಾಷೆಯಾದ ಗ್ರೀಕ್‌ಗೆ ದಿನಾ ಬೆಳಿಗ್ಗೆ ಅರ್ಧ ಗಂಟೆ. ಯೋಹಾನನ ಮೊದಲ ಪತ್ರದಿಂದ ಶುರು ಮಾಡಿ, ಪದಗಳು ಕಡಿಮೆ, ವಾಕ್ಯಗಳೂ ಸರಳ.

ಇನ್ನು ಮುಖ್ಯ ವಿಷಯ. ಓದು ಒಂದು ಕಡೆ, ಸೇವೆ ಇನ್ನೊಂದು ಕಡೆ ಅಂತ ಇಟ್ಟುಕೊಂಡರೆ ಎರಡೂ ಭಾರವಾಗುತ್ತವೆ. ಹುಡುಗರು ಕೇಳುವ ಪ್ರಶ್ನೆಯನ್ನೇ ನಿಮ್ಮ ಪ್ರಬಂಧದ ವಿಷಯ ಮಾಡಿಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟಿಗೆ ಹೋಗುವವರ ಮನೆಯಲ್ಲಿ ಸಂಪಾದನೆ ನಿಂತಿರುತ್ತದೆ, ಅದೇ ಹೊತ್ತಿಗೆ ಫೀ ಕಟ್ಟುವ ದಿನ ಬಂದರೆ ಆ ಮನೆಯ ಹುಡುಗ "ದೇವರು ಇದನ್ನೆಲ್ಲ ನೋಡ್ತಾ ಇದ್ದಾನಾ?" ಅಂತ ಕೇಳಬಹುದು. ತಕ್ಷಣ ಒಂದು ವಚನ ಹೇಳಿ ಬಾಯಿ ಮುಚ್ಚಿಸಬೇಡಿ. ಮನೆಗೆ ಬಂದು ಬೈಬಲ್‌ನ 13ನೇ ಕೀರ್ತನೆಯನ್ನೂ 88ನೇದನ್ನೂ ಅಕ್ಕಪಕ್ಕ ಇಟ್ಟು ಓದಿ. ಮೊದಲನೆಯದು ದೇವರನ್ನು ಎಲ್ಲಿವರೆಗೆ ಅಂತ ಮತ್ತೆ ಮತ್ತೆ ಕೇಳಿ ಕೊನೆಗೆ ಹಾಡಿಗೆ ಬರುತ್ತದೆ. 88ನೇದು ಹಾಗಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದು ಪ್ರಾರ್ಥನೆಯೇ, ಅಲ್ವಾ? ಹಳೆ ಒಡಂಬಡಿಕೆ ಪೇಪರಿಗೆ ಇದನ್ನೇ ಬರೆಯಿರಿ. ಮುಂದಿನ ವಾರ ಅವೇ ಎರಡು ಕೀರ್ತನೆ ಹುಡುಗರ ಜೊತೆ ಓದಿ, ಆದರೆ ವ್ಯಾಖ್ಯಾನಕಾರರ ಹೆಸರು, ಅಡಿಟಿಪ್ಪಣಿ ಎಲ್ಲ ಮನೆಯಲ್ಲೇ ಬಿಟ್ಟು ಬನ್ನಿ. ಫೀ ವಿಷಯವನ್ನು ಸಭೆಯ ಹಿರಿಯರ ಹತ್ತಿರ ಸುಮ್ನೆ, ನಾಲ್ಕು ಜನರಿಗೆ ಗೊತ್ತಾಗದ ಹಾಗೆ ಮಾತಾಡಿ.

ಪ್ರತಿ ವಾರ ನೀವೇ ನಡೆಸಬೇಕು ಅಂತೇನಿಲ್ಲ. ಎಲ್ಲವನ್ನೂ ಒಬ್ಬನೇ ಹೊರಬೇಡ, ಬೇರೆಯವರಿಗೂ ಹಂಚು ಅಂತ ವಿಮೋಚನಕಾಂಡ 18ರಲ್ಲಿ ಇತ್ರೋನು ಅಳಿಯ ಮೋಶೆಗೆ ಹೇಳಿದ್ದೂ ಅದನ್ನೇ. ಮಾರ್ಕನ ಸುವಾರ್ತೆಯಲ್ಲಿ 16 ಅಧ್ಯಾಯ, ವಾರಕ್ಕೊಂದರಂತೆ ಒಂದು ಸೆಮಿಸ್ಟರಿಗೆ ಸರಿಯಾಗುತ್ತದೆ. ಎರಡನೇ ವರ್ಷದವರು ನಡೆಸಲಿ, ಹಿಂದಿನ ದಿನ ಅವರ ಜೊತೆ ಕೂತು ತಯಾರಿ ಮಾಡಿಸಿ.

ಓದುವ ಹೊತ್ತಿನಲ್ಲಿ ಫೋನ್ ಬಂದರೆ? ಸುಮ್ನೆ ಮಾತಾಡಲಿಕ್ಕಾದರೆ ಆಮೇಲೆ ಮಾಡ್ತೇನೆ ಅನ್ನಿ. ಬದುಕೇ ಬೇಡ ಅನ್ನುವ ಮಾತು ಬಂದರೆ ಪುಸ್ತಕ ಮುಚ್ಚಿ ಹೊರಡಿ, ಒಬ್ಬರನ್ನೇ ಬಿಡಬೇಡಿ. ಪ್ರಾರ್ಥನೆ ಜೊತೆಗೆ ಡಾಕ್ಟರೂ ಬೇಕು. ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡಬಹುದು.

ಪಾಸ್ಟರ್ ಅವರಿಗೂ ನಿಮ್ಮ ಪರೀಕ್ಷೆ ದಿನಾಂಕಗಳನ್ನು ವರ್ಷದ ಆರಂಭದಲ್ಲೇ ಬರೆದು ಕೊಡಿ. ಆ ಭಾನುವಾರಗಳ ಪ್ರಸಂಗಕ್ಕೆ ಅವರು ಬೇರೆಯವರನ್ನು ಹೇಳಿಟ್ಟುಕೊಳ್ಳುತ್ತಾರೆ.