ಊರು ಬಿಟ್ಟವರ ನಂಟು ಉಳಿಸಿಕೊಳ್ಳಲು

ಮಂಜೇಶ್ವರ, ಕುಂಬಳೆ ಕಡೆಯ ಕನ್ನಡ ಶಾಲೆಗಳ ಹಳೆ ವಿದ್ಯಾರ್ಥಿ ಸಂಘದವರಲ್ಲಿ ಒಂದು ವಿನಂತಿ. ದುಬೈ, ಬೆಂಗಳೂರು ಸೇರಿದ ನರ್ಸ್, ಎಂಜಿನಿಯರ್‌ಗಳನ್ನು ವಾರ್ಷಿಕೋತ್ಸವದ ರಸೀದಿ ಪುಸ್ತಕ ಹಿಡಿದಾಗ ಮಾತ್ರ ನೆನೆಯಬೇಡಿ. ದುಡ್ಡಿಗಿಂತ ಮೊದಲು ಅವರ ಅರ್ಧ ಗಂಟೆ ಸಮಯ ಕೇಳಿ, ಅದೂ ಕೆಲಸವನ್ನು ಹೆಸರಿಸಿ: “ಅಕ್ಕಾ, ಪ್ಲಸ್ ಟು ಮುಗಿಸಿದ ಈ ಹುಡುಗಿಯ ನರ್ಸಿಂಗ್ ಅರ್ಜಿಯನ್ನು ಒಮ್ಮೆ ನೋಡಿಕೊಡುತ್ತೀರಾ?” ಇದಕ್ಕೆ ಇಲ್ಲ ಎನ್ನುವವರು ಅಪರೂಪ. “ಏನಾದರೂ ಸಹಾಯ ಮಾಡಿ” ಎಂದರೆ ಪಾಪ, ಅವರಾದರೂ ಏನು ಮಾಡಿಯಾರು?

ಹೊತ್ತು ನೋಡಿ ಕರೆ ಮಾಡಿ. ಯುಎಇ ನಮಗಿಂತ ಒಂದೂವರೆ ಗಂಟೆ ಹಿಂದೆ. 2022ರಿಂದ ಅಲ್ಲಿನ ಸರ್ಕಾರಿ ಕಚೇರಿಗಳಿಗೆ ಶನಿವಾರ, ಭಾನುವಾರ ರಜೆ. ಸೌದಿಯಲ್ಲಿ ಶುಕ್ರವಾರ, ಶನಿವಾರ. ಹಾಗಾಗಿ ಶನಿವಾರ ಸಂಜೆ ಹೆಚ್ಚಿನವರಿಗೆ ಹೊಂದುತ್ತದೆ. ಆಸ್ಪತ್ರೆಯವರಿಗೆ ಪಾಳಿ ಇರುತ್ತದೆ, ಕೇಳಿಕೊಳ್ಳಿ. ಹುಡುಗಿಗೆ ಸೀಟು ಸಿಕ್ಕಿದ ದಿನ ಆ ಅಕ್ಕನಿಗೆ ಅವಳೇ ಫೋನ್ ಮಾಡಿ ಹೇಳಲಿ.