302 ಅಂದಾಕ್ಷಣ ಕೊಲೆಯಲ್ಲ

ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಎಫ್‌ಐಆರ್ ಫೋಟೊ ಬಂತು. ಹಾಳೆಯ ಅರ್ಧ ಮಾತ್ರ ಕಾಣುತ್ತಿತ್ತು. ಕೆಳಗೆ ಯಾರೋ ಬರೆದಿದ್ದರು: "ಭಾಷಣ ಮಾಡಿದ್ದಕ್ಕೆ 302 ಹಾಕಿದ್ದಾರೆ. ಬಾಯಿ ಬಿಟ್ಟರೆ ಕೊಲೆ ಕೇಸು!" ಶಿರಸಿಯಿಂದ ಸೋದರಮಾವ ಫೋನ್ ಮಾಡಿದರು. "ಪುಟ್ಟಿ, ಇದು ಖರೇನೇ? ನಿನ್ನ ಕೆಲಸವೇ ಇದು ಅಲ್ವಾ, ನೋಡಿ ಹೇಳು."

ಹರಿದಾಡುವ ಪೋಸ್ಟ್‌ಗಳು ನಿಜವೋ ಸುಳ್ಳೋ ಪರಿಶೀಲಿಸಿ ಬರೆಯುವುದು ನನ್ನ ಕೆಲಸ. ನೋಡಿದೆ. ಫೋಟೊ ಅಸಲಿ. 302 ಅನ್ನುವ ಅಂಕಿಯೂ ಅಸಲಿ. ಸುಳ್ಳಾಗಿದ್ದದ್ದು ಅದಕ್ಕೆ ಕೊಟ್ಟ ಅರ್ಥ.

2024ರ ಜುಲೈ 1ರಿಂದ ಹಳೆಯ ಭಾರತೀಯ ದಂಡ ಸಂಹಿತೆ, ಅಂದರೆ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್ ಬಂದಿದೆ. ಐಪಿಸಿಯಲ್ಲಿ 302 ಕೊಲೆಯ ಶಿಕ್ಷೆ. ಸಿನಿಮಾ ನೋಡಿ ನೋಡಿ ಎಲ್ಲರಿಗೂ ಬಾಯಿಪಾಠ. ಬಿಎನ್‌ಎಸ್‌ನಲ್ಲಿ ಕೊಲೆಯ ಶಿಕ್ಷೆ 103ಕ್ಕೆ ಹೋಗಿದೆ. ಅಲ್ಲಿನ 302 ಬೇರೆಯೇ: ಇನ್ನೊಬ್ಬರ ಧಾರ್ಮಿಕ ಭಾವನೆ ನೋಯಿಸಬೇಕೆಂದೇ ಅವರ ಕಿವಿಗೆ ಬೀಳುವಂತೆ ಮಾತಾಡುವುದು, ಅವರ ಕಣ್ಣೆದುರು ಸನ್ನೆ ಮಾಡುವುದು. ಹೆಚ್ಚೆಂದರೆ ಒಂದು ವರ್ಷ ಜೈಲು, ಅಥವಾ ದಂಡ, ಅಥವಾ ಎರಡೂ. ಹಳೇ ಐಪಿಸಿಯ 298 ಇದೇ ಆಗಿತ್ತು.

ದ್ವೇಷ ಭಾಷಣದ ಕಾನೂನಿನ ಬಗ್ಗೆ ಬರುವ ಪೋಸ್ಟ್‌ಗಳನ್ನು ಪರಿಶೀಲಿಸುವಾಗ ನಾನು ಜಾಸ್ತಿ ಎಡವಿರುವುದು ಇಂಥ ಅಂಕಿಗಳಲ್ಲೇ. 196ನ್ನೇ ತೆಗೆದುಕೊಳ್ಳಿ. ಬಿಎನ್‌ಎಸ್‌ನಲ್ಲಿ ಅದು ಧರ್ಮ, ಜನಾಂಗ, ಹುಟ್ಟಿದ ಊರು, ವಾಸದ ಜಾಗ, ಭಾಷೆ, ಜಾತಿ ಮುಂತಾದವುಗಳ ಹೆಸರಲ್ಲಿ ಗುಂಪುಗಳ ನಡುವೆ ಹಗೆ ಹಚ್ಚುವುದು. ಹಳೇ ಐಪಿಸಿಯಲ್ಲಿ ಇದು 153ಎ. ಐಪಿಸಿಯ 196 ಎಂದರೆ ಸುಳ್ಳೆಂದು ಗೊತ್ತಿದ್ದೂ ಸಾಕ್ಷ್ಯವನ್ನು ಬಳಸುವುದು. ಹಳೇ ಸಿಆರ್‌ಪಿಸಿ, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯ 196 ಮತ್ತೊಂದು. ಇಂಥ ಕೇಸನ್ನು ಕೋರ್ಟ್ ವಿಚಾರಣೆಗೆ ಎತ್ತಿಕೊಳ್ಳಲು ಸರ್ಕಾರದ ಅನುಮತಿ ಬೇಕು ಎನ್ನುವ ನಿಯಮ ಅದು. ಒಂದೇ ಅಂಕಿ, ಮೂರು ಪುಸ್ತಕ, ಮೂರು ಸಂಗತಿ. ಹಾಗಾಗಿ ಯಾವ ಕಲಂ ಅಂತ ಕೇಳುವ ಮುಂಚೆ ಯಾವ ಕಾಯ್ದೆ ಅಂತ ಕೇಳುತ್ತೇನೆ. ಎಫ್‌ಐಆರ್‌ನಲ್ಲಿ ಕಾಯ್ದೆ ಮತ್ತು ಕಲಂ ಬರೆಯುವ ಜಾಗ ಇರುತ್ತದೆ. ಹರಿದಾಡುವ ಫೋಟೊಗಳಲ್ಲಿ ಅದೇ ಸಾಲು ಕತ್ತರಿಸಿ ಹೋಗಿರುತ್ತದೆ.

ಪೂರ್ತಿ ಪ್ರತಿ ಹುಡುಕುವುದು ಕಷ್ಟವೇನಲ್ಲ. ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ಜಾಲತಾಣಕ್ಕೆ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಸೂಕ್ಷ್ಮ ಪ್ರಕರಣಗಳಿಗೆ ಮಾತ್ರ ವಿನಾಯಿತಿ. ಪ್ರತಿ ಸಿಕ್ಕ ಮೇಲೆ ಸರ್ಕಾರದ ಇಂಡಿಯಾ ಕೋಡ್ ಜಾಲತಾಣದಲ್ಲಿ ಕಾಯ್ದೆಯ ಮೂಲ ಪಠ್ಯ ತೆರೆಯುತ್ತೇನೆ. ಪತ್ರಿಕೆ ವರದಿಯಿಂದ ಶುರು ಮಾಡುವುದಿಲ್ಲ. ನಾನೇ ಪತ್ರಿಕೆಯಲ್ಲಿ ಉಪಸಂಪಾದಕಿಯಾಗಿದ್ದವಳು. ಒಂದು ಕಾಲಂ ಸುದ್ದಿಗೆ ಹೊಂದಿಸಲು ಕಾನೂನಿನ ಎಂಥೆಂಥ ಪದ ಬಿಟ್ಟುಹೋಗುತ್ತದೆ ಅಂತ ನನಗೆ ಗೊತ್ತು. ಧರ್ಮದ ಅವಮಾನ ಕುರಿತ ಬಿಎನ್‌ಎಸ್‌ನ 299ನೇ ಕಲಂನಲ್ಲಿ 'ಉದ್ದೇಶಪೂರ್ವಕವಾಗಿ ಮತ್ತು ದುರುದ್ದೇಶದಿಂದ' ಎಂಬ ಅರ್ಥದ ಮಾತಿದೆ. ಆ ಮಾತು ತೆಗೆದರೆ ಯಾವ ಟೀಕೆಯೂ ಅಪರಾಧದಂತೆ ಕಾಣುತ್ತದೆ.

'ಈ ಕಾನೂನು ಒಂದೇ ಧರ್ಮದವರನ್ನು ಹಿಡಿಯುತ್ತದೆ' ಎಂಬ ಪೋಸ್ಟ್ ಪ್ರತಿ ತಿಂಗಳೂ ಬರುತ್ತದೆ. ಧರ್ಮದ ಹೆಸರು ಮಾತ್ರ ಬದಲಾಗುತ್ತದೆ. 196 ಮತ್ತು 299ರ ಪಠ್ಯದಲ್ಲಿ ಯಾವ ಧರ್ಮದ ಹೆಸರೂ ಇಲ್ಲ. ಪೊಲೀಸರು ಯಾರ ಮೇಲೆ ಹೆಚ್ಚು ಹಾಕುತ್ತಾರೆ ಎನ್ನುವುದು ಬೇರೆ ಪ್ರಶ್ನೆ, ಕೇಳಲೇಬೇಕಾದ ಪ್ರಶ್ನೆ. ಆದರೆ ಅದಕ್ಕೆ ಉತ್ತರ ಕಲಂನ ಪಠ್ಯದಲ್ಲಿ ಸಿಗುವುದಿಲ್ಲ. ನನ್ನ ವರದಿಯಲ್ಲಿ ಇವೆರಡನ್ನೂ ಬೇರೆ ಬೇರೆ ಇಡುತ್ತೇನೆ.

2025ರ ಡಿಸೆಂಬರ್ ನನಗೆ ನೆನಪಿರುವ ತಿಂಗಳು. ಬೆಳಗಾವಿ ಅಧಿವೇಶನದಲ್ಲಿ ರಾಜ್ಯದ ದ್ವೇಷ ಭಾಷಣ ಮತ್ತು ದ್ವೇಷ ಅಪರಾಧ ತಡೆ ಮಸೂದೆ ಮಂಡನೆಯಾಯಿತು. ಅಷ್ಟರಲ್ಲೇ 'ಇಂದಿನಿಂದ ಜಾರಿ' ಎಂಬ ಪೋಸ್ಟರ್‌ಗಳು ಬರತೊಡಗಿದವು. ಸಂಪುಟ ಒಪ್ಪಿದರೆ ಕಾನೂನಲ್ಲ. ಸದನದಲ್ಲಿ ಮಂಡಿಸಿದರೂ ಅಲ್ಲ. ಎರಡೂ ಸದನ ಒಪ್ಪಿ, ಅಂಕಿತ ಬಿದ್ದು, ರಾಜ್ಯಪತ್ರದಲ್ಲಿ ಪ್ರಕಟವಾಗಬೇಕು. ಇದನ್ನು ಬರೆದು ಹಾಕಿದೆವು. ಎರಡೇ ದಿನಕ್ಕೆ ನಮ್ಮದೇ ವರದಿ ಹಿಡಿದು ಇನ್ನೊಂದು ಸುಳ್ಳು ಹುಟ್ಟಿತು: "ಕಾನೂನೇ ಇನ್ನೂ ಬಂದಿಲ್ಲ, ಏನು ಬೇಕಾದರೂ ಬರೆಯಿರಿ." ಕೂಡಲೇ ಎರಡು ಸಾಲು ಸೇರಿಸಿದೆ. ಬಿಎನ್‌ಎಸ್ 196 ಆಗಲೇ ಜಾರಿಯಲ್ಲಿದೆ, ಮೂರು ವರ್ಷದವರೆಗೆ ಶಿಕ್ಷೆ ಇದೆ, ಪೂಜಾಸ್ಥಳದಲ್ಲಾದರೆ ಐದು ವರ್ಷದವರೆಗೆ. ದೂರು ಬರದಿದ್ದರೂ ಇಂಥ ಭಾಷಣಗಳ ಮೇಲೆ ಪೊಲೀಸರು ತಾವಾಗಿ ಎಫ್‌ಐಆರ್ ಹಾಕಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ. ಅಂದಿನಿಂದ 'ಇದು ಸುಳ್ಳು' ಎಂದು ಬರೆಯುವಾಗ 'ಹಾಗಾದರೆ ನಿಜ ಏನು' ಎನ್ನುವುದನ್ನೂ ಅದೇ ಪ್ಯಾರಾದಲ್ಲಿ ಬರೆಯುತ್ತೇನೆ.

ಕೆಲವಕ್ಕೆ ಸುಳ್ಳು, ನಿಜ ಎಂಬ ಎರಡು ಮುದ್ರೆ ಸಾಲುವುದಿಲ್ಲ. 'ಫೇಸ್‌ಬುಕ್‌ನಲ್ಲಿ ಬರೆದರೆ 66ಎ ಹಾಕ್ತಾರೆ' ಎಂಬ ಮಾತು ಒಂದು ಉದಾಹರಣೆ. ಆಕ್ಷೇಪಾರ್ಹ ಆನ್‌ಲೈನ್ ಸಂದೇಶಗಳಿಗೆ ಶಿಕ್ಷೆ ಹೇಳಿದ್ದ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 66ಎ ಕಲಂ ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು. ಶ್ರೇಯಾ ಸಿಂಘಲ್ ಪ್ರಕರಣ. ಆದರೂ ಪೊಲೀಸ್ ಠಾಣೆಗಳಲ್ಲಿ ಆ ಕಲಂ ಹಾಕುವುದು ನಿಲ್ಲಲಿಲ್ಲ. 2021ರಲ್ಲಿ ಕೋರ್ಟೇ ಇದನ್ನು ಕೇಳಿ ಬೆಚ್ಚಿತು, 2022ರ ಅಕ್ಟೋಬರ್‌ನಲ್ಲಿ ಯಾರ ಮೇಲೂ ಇದರಡಿ ಮೊಕದ್ದಮೆ ನಡೆಸಬಾರದೆಂದು ಮತ್ತೆ ಆದೇಶಿಸಿತು. ಕಾನೂನು ಸತ್ತಿದೆ, ಆದರೂ ಕೇಸು ದಾಖಲಾಗಿದೆ. ಎರಡೂ ನಿಜ. ಹಾಗೆ ಕೇಸು ಹಾಕಿಸಿಕೊಂಡವರ ಮನೆಯವರು ಓದಿದರೆ 'ಸುಳ್ಳು' ಎಂಬ ಕೆಂಪು ಮುದ್ರೆಯಿಂದ ಅವರಿಗೆ ಎಷ್ಟು ನೋವಾಗಬಹುದು!

'ವಾಟ್ಸಾಪ್ ಗ್ರೂಪ್ ಅಡ್ಮಿನ್ ನೇರ ಜೈಲಿಗೆ' ಎನ್ನುವುದೂ ಹೀಗೇ. ಇನ್ನೊಬ್ಬರು ಹಾಕಿದ ಸಂದೇಶಕ್ಕೆ ಅಡ್ಮಿನ್ ಆಗಿರುವುದೊಂದೇ ಕಾರಣಕ್ಕೆ ಹೊಣೆ ಬರುವುದಿಲ್ಲ ಎಂದು 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, 2022ರಲ್ಲಿ ಕೇರಳ ಹೈಕೋರ್ಟ್ ಹೇಳಿವೆ. ಆ ಎರಡೂ ದ್ವೇಷ ಭಾಷಣದ ಪ್ರಕರಣಗಳಲ್ಲ. ಅದನ್ನೂ ಬರೆಯಬೇಕು.

ಈಗ ನನ್ನದೇ ತಪ್ಪಿನ ವಿಷಯ. 2024ರ ಆಗಸ್ಟ್. ಒಬ್ಬರ ಭಾಷಣದ ಮೇಲೆ '153ಎ ಅಡಿ ಕೇಸು' ಎಂಬ ಪೋಸ್ಟ್ ಓಡುತ್ತಿತ್ತು. ಐಪಿಸಿ ಹೋಗಿ ತಿಂಗಳಾಯಿತಲ್ಲ, ಆ ಕಲಂ ಎಲ್ಲಿಂದ ಬಂತು ಎಂದುಕೊಂಡೆ. 'ನಕಲಿ' ಎಂದು ಬರೆದು ಹಾಕಿದೆ. ಅವತ್ತು ಕೈಯಲ್ಲಿ ಮೂರು ಕೆಲಸ ಇತ್ತು, ಠಾಣೆಗೆ ಒಂದು ಫೋನೂ ಮಾಡಲಿಲ್ಲ. ಸಂಜೆ ತಾಲೂಕು ಕೋರ್ಟಿನ ಒಬ್ಬ ಹಿರಿಯ ವಕೀಲರು ಕರೆ ಮಾಡಿದರು. "ಮೇಡಂ, ಭಾಷಣ ಯಾವತ್ತು ಆಗಿದ್ದು ನೋಡಿದ್ರಾ? ಜೂನ್‌ನಲ್ಲಿ. ಜುಲೈ ಒಂದರ ಹಿಂದಿನ ಅಪರಾಧಕ್ಕೆ ಈಗಲೂ ಐಪಿಸಿಯೇ. ಬಿಎನ್‌ಎಸ್ 358 ಒಮ್ಮೆ ಓದಿ." ಓದಿದೆ. ಅವರು ಹೇಳಿದ್ದು ಸರಿ. ಎಫ್‌ಐಆರ್ ದಾಖಲಾದ ದಿನವನ್ನು ನೋಡಿದ್ದೆ, ಘಟನೆಯ ದಿನವನ್ನು ನೋಡಿರಲಿಲ್ಲ.

ಅಷ್ಟರಲ್ಲಿ ಆ ಭಾಷಣಕಾರರ ಕಡೆಯವರು ನಮ್ಮ 'ನಕಲಿ' ಮುದ್ರೆಯನ್ನು ಎಲ್ಲೆಡೆ ಹಂಚಿದ್ದರು. ದೂರು ಕೊಟ್ಟ ವ್ಯಕ್ತಿಯನ್ನು ಸುಳ್ಳುಗಾರ ಎಂದು ಕರೆದಿದ್ದರು. ನನ್ನ ಒಂದು ಪದದಿಂದ ಒಬ್ಬ ಮನುಷ್ಯ ತನ್ನ ಊರಲ್ಲಿ ತಲೆ ತಗ್ಗಿಸಬೇಕಾಯಿತು. ತಿದ್ದುಪಡಿಯನ್ನು ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕೋಣ ಎಂಬ ಸಲಹೆ ಬಂತು. ಒಪ್ಪಲಿಲ್ಲ. ಶೀರ್ಷಿಕೆಯ ಜಾಗದಲ್ಲೇ 'ನಾವು ತಪ್ಪಿದೆವು' ಎಂದು ಹಾಕಿಸಿದೆ. ಆ ದೂರುದಾರರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ ಹೊಸ ಶೀರ್ಷಿಕೆ ನನಗೊಂದು ಕಳಿಸಿ, ನಮ್ಮೂರ ಗ್ರೂಪಿಗೆ ನಾನೇ ಹಾಕ್ತೀನಿ" ಅಂದರು.