ತ್ರಿಕೋನಮಿತಿಯ ಸೂತ್ರಗಳನ್ನು ನಾನು ಕಟ್ಟಿಕೊಂಡ ಬಗೆ

ಎಸ್ಸೆಸ್ಸೆಲ್ಸಿಯಲ್ಲಿ ಮೂರು ನಿತ್ಯಸಮೀಕರಣಗಳು ಗೊತ್ತಿದ್ದರೆ ಸಾಕಾಗುತ್ತಿತ್ತು. ಪ್ರಥಮ ಪಿಯುಸಿಗೆ ಬಂದಾಗ ಮೊತ್ತ, ವ್ಯತ್ಯಾಸ, ದ್ವಿಗುಣ ಕೋನ, ಗುಣಲಬ್ಧ ಎಂದು ಸೂತ್ರಗಳು ಸಾಲುಗಟ್ಟಿ ನಿಂತವು. ಎಲ್ಲವನ್ನೂ ಬಾಯಿಪಾಠ ಮಾಡುವ ಬದಲು, ಒಂದನ್ನು ಚೆನ್ನಾಗಿ ಅರ್ಥಮಾಡಿಕೊಂಡು ಉಳಿದವನ್ನು ಅದರಿಂದಲೇ ಪಡೆಯುವುದೆಂದು ನಿಶ್ಚಯಿಸಿದೆ.

ಆ ಒಂದು ಸೂತ್ರ ಕಾಸ್(ಎ − ಬಿ). ಏಕಮಾನ ವೃತ್ತದ (ಮೂಲಬಿಂದು ಕೇಂದ್ರವಾಗಿ ತ್ರಿಜ್ಯ 1 ಇರುವ ವೃತ್ತದ) ಮೇಲೆ ಎ ಮತ್ತು ಬಿ ಕೋನಗಳಿಗೆ ಎರಡು ಬಿಂದುಗಳನ್ನು ಗುರುತಿಸಿ ದೂರ ಸೂತ್ರವನ್ನು ಬಳಸಿದರೆ, ದೂರದ ವರ್ಗವು 2 − 2(ಕಾಸ್ ಎ ಕಾಸ್ ಬಿ + ಸೈನ್ ಎ ಸೈನ್ ಬಿ) ಆಗುತ್ತದೆ. ಬಿ ಕೋನದ ಬಿಂದು (1, 0)ಕ್ಕೆ ಬರುವಂತೆ ಇಡೀ ಚಿತ್ರವನ್ನು ತಿರುಗಿಸಿದರೆ ಅದೇ ದೂರದ ವರ್ಗ 2 − 2 ಕಾಸ್(ಎ − ಬಿ). ತಿರುಗಿಸಿದ ಮಾತ್ರಕ್ಕೆ ದೂರ ಬದಲಾಗದು; ಎರಡನ್ನೂ ಸಮೀಕರಿಸಿದರೆ ಸೂತ್ರ ಸಿದ್ಧ. ಬಿ ಬದಲು −ಬಿ ಇಟ್ಟರೆ ಮೊತ್ತದ ಸೂತ್ರ, ಎ ಬದಲು 90° − ಎ ಇಟ್ಟರೆ ಸೈನ್(ಎ + ಬಿ), ಎರಡೂ ಕೋನಗಳನ್ನು ಸಮ ಮಾಡಿದರೆ ದ್ವಿಗುಣ ಕೋನದ ಸೂತ್ರಗಳು ದೊರೆಯುತ್ತವೆ. ಎರಡನೆಯ ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ಸಿದ್ಧಾಂತ ಶಿರೋಮಣಿಯ ಜ್ಯೋತ್ಪತ್ತಿ ಭಾಗದಲ್ಲಿಯೂ ಎರಡು ಕೋನಗಳ ಮೊತ್ತದ ಜ್ಯಾವನ್ನು (ಇಂದಿನ ಸೈನ್‌ಗೆ ಸಮಾನವಾದದ್ದನ್ನು) ಪಡೆಯುವ ನಿಯಮವಿದೆ ಎಂದು ತಿಳಿದಾಗ ಈ ಸೂತ್ರದ ಮೇಲಿನ ನನ್ನ ಗೌರವ ಇಮ್ಮಡಿಯಾಯಿತು.

ಸಾಧನೆಯ ಲೆಕ್ಕಗಳಲ್ಲಿ ನಾನು ಕ್ಲಿಷ್ಟವಾದ ಬದಿಯಿಂದಲೇ ಆರಂಭಿಸುತ್ತೇನೆ. (1 − ಕಾಸ್ 2ಎಕ್ಸ್) / ಸೈನ್ 2ಎಕ್ಸ್ = ಟ್ಯಾನ್ ಎಕ್ಸ್ ಎಂದು ತೋರಿಸಬೇಕಾದಾಗ, ಕಾಸ್ 2ಎಕ್ಸ್‌ನ ಮೂರು ರೂಪಗಳಲ್ಲಿ 1 − 2 ಸೈನ್² ಎಕ್ಸ್ ಎಂಬುದನ್ನೇ ಆರಿಸಬೇಕು, ಏಕೆಂದರೆ ಅಂಶದಲ್ಲಿರುವ 1 ಅಳಿದುಹೋಗುವುದು ಅದರಿಂದ ಮಾತ್ರ. ಯಾವ ರೂಪ ಏನನ್ನು ಅಳಿಸುತ್ತದೆ ಎಂದು ಕೇಳಿಕೊಳ್ಳುವ ಈ ಅಭ್ಯಾಸ ನನಗೆ ಬೇರೆಲ್ಲ ಉಪಾಯಗಳಿಗಿಂತ ಹೆಚ್ಚು ಫಲ ಕೊಟ್ಟಿದೆ.

0° ≤ ಎಕ್ಸ್ < 360° ವ್ಯಾಪ್ತಿಯಲ್ಲಿ ಸಮೀಕರಣ ಬಿಡಿಸುವಾಗ ಎರಡು ಕಡೆ ಎಚ್ಚರ ಬೇಕು. ಸೈನ್ 2ಎಕ್ಸ್ = ಸೈನ್ ಎಕ್ಸ್ ಎಂಬುದನ್ನು ಸೈನ್ ಎಕ್ಸ್‌ನಿಂದ ಭಾಗಿಸಿದರೆ 0° ಮತ್ತು 180° ಎಂಬ ಪರಿಹಾರಗಳು ಕಳೆದುಹೋಗುತ್ತವೆ; ಅಪವರ್ತಿಸಿ ಸೈನ್ ಎಕ್ಸ್ (2 ಕಾಸ್ ಎಕ್ಸ್ − 1) = 0 ಎಂದು ಬರೆದರೆ ಅವುಗಳ ಜೊತೆಗೆ 60° ಮತ್ತು 300° ಕೂಡ ಸಿಗುತ್ತವೆ. ಇನ್ನೊಂದೆಡೆ, ಸೈನ್ ಎಕ್ಸ್ + ಕಾಸ್ ಎಕ್ಸ್ = 1 ಎಂಬುದನ್ನು ವರ್ಗಗೊಳಿಸಿದರೆ ಸೈನ್ 2ಎಕ್ಸ್ = 0 ಆಗಿ, 0°, 90°, 180°, 270° ಎಂಬ ನಾಲ್ಕು ಬೆಲೆಗಳು ಬರುತ್ತವೆ. ಕೊನೆಯ ಎರಡನ್ನು ಮೂಲ ಸಮೀಕರಣದಲ್ಲಿಟ್ಟರೆ ಎಡಬದಿ −1 ಆಗುತ್ತದೆ, ಅವು ಪರಿಹಾರಗಳಲ್ಲ. ಆದ್ದರಿಂದ ನಾನು ವರ್ಗಗೊಳಿಸದೆ √2 ಸೈನ್(ಎಕ್ಸ್ + 45°) = 1 ಎಂಬ ರೂಪಕ್ಕೆ ತರುವುದನ್ನೇ ಇಷ್ಟಪಡುತ್ತೇನೆ; ಅಲ್ಲಿ ಎಕ್ಸ್ + 45° ಎಂಬುದು 45° ಅಥವಾ 135° ಆಗಿ, ಸರಿಯಾದ ಎರಡೇ ಉತ್ತರಗಳು ನೇರವಾಗಿ ಬರುತ್ತವೆ.

ಕೋನ 2ಎಕ್ಸ್ ಆಗಿದ್ದರೆ ಬಿಡಿಸುವ ಮೊದಲೇ ವ್ಯಾಪ್ತಿಯನ್ನು 720°ವರೆಗೆ ವಿಸ್ತರಿಸಿ ಬರೆದುಕೊಳ್ಳುತ್ತೇನೆ. ಸೈನ್ 2ಎಕ್ಸ್ = 1/2 ಎಂದರೆ ಸೈನ್ ಧನವಾಗಿರುವ ಮೊದಲ ಎರಡು ಚತುರ್ಥಕಗಳಿಂದ 2ಎಕ್ಸ್‌ಗೆ 30°, 150° ಮತ್ತು ವೃತ್ತವನ್ನು ಇನ್ನೊಂದು ಸುತ್ತು ಬಂದಾಗ 390°, 510° ದೊರೆತು, ಎಕ್ಸ್‌ನ ಬೆಲೆಗಳು 15°, 75°, 195°, 255° ಆಗುತ್ತವೆ.